ಹಳೆಯ ಗಾಡಿಯ ಜೀರ್ಣೋದ್ಧಾರ

ಗುಡಿಯ ಜೀರ್ಣೋದ್ಧಾರವನ್ನು ಕುರಿತು ಬರೆದವರು ಬಹಳ ಜನ. ಹಳೆಯ ಮೋಟಾರ್ ಸೈಕಲ್ಲೊಂದರ ಜೀರ್ಣೋದ್ಧಾರವನ್ನು ಕುರಿತು, ಅದೂ ನಿವೃತ್ತನಾದ ಕನ್ನಡ ಮಾಸ್ತರನೊಬ್ಬ ಬರೆಯಲು ಕುಳಿತರೆ ವಾಚಕರು ನಕ್ಕಾರು. ನಗಲಿ. ಕಳೆದ ಆರು ತಿಂಗಳಿಂದ ಸಾವಳಗಿಯ ನಮ್ಮ ಮನೆಯ ಅಂಗಳದಲ್ಲಿ ನಡೆದಿರುವ ವಾದವು, ನಾನು ಮೂವತ್ತು ವರ್ಷ ತರಗತಿಯಲ್ಲಿ ಮಾಡಿಸಿದ ಪಾಠಾಂತರಗಳ ಚರ್ಚೆಗಿಂತ ಕಡಿಮೆ ಸೂಕ್ಷ್ಮವಾದುದಲ್ಲವೆಂದು ನನಗೆ ಮನವರಿಕೆಯಾಗಿದೆ. ಮೂಲ ಯಾವುದು, ಪ್ರಕ್ಷೇಪ ಯಾವುದು, ತಿದ್ದುವ ಅಧಿಕಾರ ಯಾರಿಗೆ? ಓಲೆಗರಿಯ ಮುಂದೆ ಕುಳಿತ ಸಂಪಾದಕನನ್ನು ಕಾಡುವ ಪ್ರಶ್ನೆಗಳೇ ಪಾನಾ ಹಿಡಿದು ಕುಳಿತ ಮಿಸ್ತ್ರಿಯನ್ನೂ ಕಾಡುತ್ತವೆ.

ಗಾಡಿ ಯಮಹಾ ಆರ್‌ಎಕ್ಸ್ ಹಂಡ್ರೆಡ್. ನಮ್ಮ ಜನಕ್ಕೆ ಬರಿಯ ‘ಆರ್‌ಎಕ್ಸ್’ ಎಂದರೆ ಸಾಕು. ಎಂಬತ್ತರ ದಶಕದಲ್ಲಿ ಸರಕಾರವು ನೂರು ಸಿಸಿಯೊಳಗಿನ ಗಾಡಿಗಳಿಗೆ ಪರದೇಶದ ಕಂಪನಿಗಳ ಸಹಕಾರವನ್ನು ಒಪ್ಪಿಕೊಂಡಾಗ ನಾಲ್ಕು ಜಪಾನೀ ಹೆಸರುಗಳು ಒಂದರ ಹಿಂದೊಂದು ಈ ದೇಶಕ್ಕೆ ಬಂದವು. ಹೊಸೂರಿನಲ್ಲಿ ಸುಜುಕಿ, ಹೀರೋ ಜೊತೆಗೆ ಹೋಂಡಾ, ಬಜಾಜ್ ಜೊತೆಗೆ ಕಾವಾಸಾಕಿ, ಎಸ್ಕಾರ್ಟ್ಸ್ ಜೊತೆಗೆ ಯಮಹಾ. ಅಲ್ಲಿಯತನಕ ನಮ್ಮ ರಸ್ತೆಗಳಲ್ಲಿ ಬುಲೆಟ್ಟಿನ ಗಾಂಭೀರ್ಯ, ಪೋಲೆಂಡಿನ ಎಸ್‌ಎಚ್‌ಎಲ್ ಗಾಡಿಯ ನಕ್ಷೆಯಿಂದ ಬಂದ ರಾಜದೂತಿನ ಸಹನೆ, ಮೈಸೂರಿನಲ್ಲಿ ತಯಾರಾದ ಜಾವಾ-ಯೆಜ್ಡಿಗಳ ಗತ್ತು ಇವಿಷ್ಟೇ ಇದ್ದುವು. 1985ರ ಕೊನೆಯಲ್ಲಿ ಬಂದ ಆರ್‌ಎಕ್ಸ್ ಈ ಎಲ್ಲವನ್ನೂ ಹಿಂದೆ ಹಾಕಿತು. ನೂರಾ ಮೂರು ಕಿಲೊಗ್ರಾಂ ತೂಕ, ಹನ್ನೊಂದು ಕುದುರೆಯ ಶಕ್ತಿ. ಲೆಕ್ಕ ಸಣ್ಣದೆನಿಸಬಹುದು, ಆದರೆ ಭಾರಕ್ಕೂ ಶಕ್ತಿಗೂ ಇಷ್ಟು ಹೊಂದಿಕೆಯಾದ ಗಾಡಿಯನ್ನು ನಮ್ಮ ಕಡೆಯವರು ಅದುವರೆಗೆ ಹತ್ತಿರಲಿಲ್ಲ. 1996ರಲ್ಲಿ ಅದರ ತಯಾರಿಕೆ ನಿಂತಿತು. ಮೈಸೂರಿನ ಜಾವಾ ಕಾರಖಾನೆ ಮುಚ್ಚಿದ್ದೂ ಅದೇ ವರ್ಷ. ಹೊಗೆಯ ಮೇಲಿನ ಕಟ್ಟಳೆ ಬಿಗಿಯಾದ ಕಾಲವದು. ಕಟ್ಟಳೆ ತಪ್ಪೆಂದು ನಾನು ಹೇಳಲಾರೆ.

ನಮ್ಮ ಗಾಡಿಯನ್ನು ಅಣ್ಣ 1988ರಲ್ಲಿ ಶೇಂಗಾದ ದುಡ್ಡಿನಿಂದ ಕೊಂಡ. ಆಗ ಬಾಗಲಕೋಟೆ ಜಿಲ್ಲೆಯೇ ಇರಲಿಲ್ಲ, ಬಿಜಾಪುರದಲ್ಲಿ ನೋಂದಣಿಯಾಯಿತು. ಮರುವರ್ಷ ಚಿಕ್ಕಪಡಸಲಗಿಯಲ್ಲಿ ರೈತರೇ ದುಡ್ಡು ಕೂಡಿಸಿ, ಮೈಮುರಿದು ದುಡಿದು ಕೃಷ್ಣೆಗೆ ಅಡ್ಡಲಾಗಿ ಬ್ಯಾರೇಜು ಕಟ್ಟಿದರು. ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ಆದ ಆ ಕೆಲಸಕ್ಕೆ ಶ್ರಮಬಿಂದು ಸಾಗರವೆಂಬ ಹೆಸರು ಬಂದುದನ್ನು ಈ ಭಾಗದವರಿಗೆ ಹೇಳಬೇಕಾಗಿಲ್ಲ. ನೀರು ನಿಂತಿತು, ನೀರಿನ ಹಿಂದೆ ಪಂಪುಸೆಟ್ಟುಗಳು ಬಂದವು, ಅವುಗಳ ಹಿಂದೆ ಸುಟ್ಟ ಮೋಟಾರುಗಳು ಬಂದವು. ವಿದ್ಯುತ್ತಿನ ಏರಿಳಿತಕ್ಕೆ ಮೋಟಾರು ಸುಟ್ಟರೆ ಬೆಳೆ ಕಾಯುವುದಿಲ್ಲ. ಅಣ್ಣ ಗಾಡಿಯ ಹಿಂದೆ ದಪ್ಪ ಕಬ್ಬಿಣದ ಪಟ್ಟಿಯ ಕ್ಯಾರಿಯರೊಂದನ್ನು ಬೆಸುಗೆ ಹಾಕಿಸಿಕೊಂಡು ತನ್ನದನ್ನೂ ನೆರೆಹೊರೆಯವರದನ್ನೂ ಹೇರಿಕೊಂಡು ಜಮಖಂಡಿಗೆ ವೈಂಡಿಂಗಿಗೆ ಒಯ್ಯುತ್ತಿದ್ದ. ಒಮ್ಮೆ ಆ ಕ್ಯಾರಿಯರು ದಾರಿಯಲ್ಲಿ ಮುರಿಯಿತು. ಮಳೆಯ ರಾತ್ರಿ. ಅಣ್ಣ ಮೋಟಾರನ್ನು ಪೆಟ್ರೋಲ್ ಟಾಕಿಯ ಮೇಲಿಟ್ಟು ಎದೆಗವಚಿಕೊಂಡು ಊರಿಗೆ ತಂದ. ಅದರ ಅಂಚು ಬಡಿದು ಟಾಕಿಯ ಬಲಮಗ್ಗುಲಿಗೆ ಅಂಗೈಯಷ್ಟು ತಗ್ಗು ಬಿತ್ತು. ಈ ಕಥೆಯನ್ನು ಅಣ್ಣ ನಗುನಗುತ್ತ ಹೇಳುತ್ತಿದ್ದ. ನಾನಾದರೋ ಆ ತಗ್ಗನ್ನು ಅವನ ಸಹಿಯೆಂದೇ ಬಗೆದಿದ್ದೆ.

2019ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿದಾಗ ಗಾಡಿ ನದಿದಂಡೆಯ ಊರಿನಲ್ಲಿರುವ ತಂಗಿಯ ಮನೆಯಲ್ಲಿತ್ತು. ಜನ, ದನ ಪಾರಾದವು. ಗಾಡಿ ವಾರಗಟ್ಟಲೆ ನೀರಿನಲ್ಲಿ ನಿಂತಿತು. ಮರುವರ್ಷ ಅಣ್ಣನೂ ತೀರಿಕೊಂಡ. ಹೂಳು ತುಂಬಿದ ಗಾಡಿ ನಮ್ಮ ದನದ ಕೊಟ್ಟಿಗೆಯ ಮೂಲೆ ಸೇರಿ ಸುಮ್ಮನೆ ಬಿದ್ದಿತ್ತು. 2023ರಲ್ಲಿ ಆಗಬೇಕಿದ್ದ ನೋಂದಣಿಯ ನವೀಕರಣವೂ ತಪ್ಪಿತು.

ಈ ವರ್ಷ ಅಣ್ಣನ ಮಗ ಬೆಂಗಳೂರಿನಿಂದ ಬಂದವನು ಅದನ್ನು ಹೊರಗೆಳೆದ. ಅವನ ಮನಸ್ಸಿನಲ್ಲಿದ್ದುದು ಬೇರೆಯೇ ಚಿತ್ರ.

“ಕಾಕಾ, ಇದನ್ನ ಹಿಂಗ ಇಟ್ಟರ ಯಾರ ನೋಡ್ತಾರ್ರಿ? ಹಿಂದಿನ ಚೌಕಟ್ಟ ಕೊಯ್ಸಿ, ಆ ಕ್ಯಾರಿಯರ್ ಕಿತ್ತ ಒಗದು, ಹ್ಯಾಂಡಲ್ ಇಳಿಸಿ, ಸೈಲೆನ್ಸರ್ ಬದಲಾಯಿಸಿದ್ರ ನೋಡ್ರಿ ಇದರ ಖದರ್!”

ಅವನೊಡನೆ ಬಂದ ಗೆಳೆಯನದು ಇದಕ್ಕೆ ತೀರ ವಿರುದ್ಧವಾದ ಮತ. ಆತ ಹಳೆಯ ಗಾಡಿಗಳ ಸಂಗ್ರಾಹಕ. ಒಂದೊಂದು ತಿರುಪೂ ಕಾರಖಾನೆಯಿಂದ ಬಂದದ್ದೇ ಆಗಿರಬೇಕು. ಮೊದಮೊದಲ ಗಾಡಿಗಳಲ್ಲಿ ಜಪಾನಿನಿಂದಲೇ ಬಂದ ಭಾಗಗಳಿದ್ದವಾದ್ದರಿಂದ ಅವುಗಳ ಬೆಲೆಯೇ ಬೇರೆ. ಚೆನ್ನಾಗಿ ಹೊಂದಿಸಿದ ಆರ್‌ಎಕ್ಸ್ ಇಂದು ಲಕ್ಷಕ್ಕೂ ಮಿಕ್ಕಿ ಹೋಗುತ್ತದೆ ಎಂಬುದು ಅವನ ವಾದ. ಅವನ ಪ್ರಕಾರವೂ ಕ್ಯಾರಿಯರ್ ಹೋಗಬೇಕು. ಒಬ್ಬನಿಗೆ ಗಾಡಿ ಹೊಸದಾಗಬೇಕು, ಇನ್ನೊಬ್ಬನಿಗೆ 1988ರದಾಗಬೇಕು. ನಡುವಿನ ಮೂವತ್ತು ವರ್ಷ ಇಬ್ಬರಿಗೂ ಬೇಡ. ನನ್ನ ಜಗಳವೆಲ್ಲ ಇಲ್ಲಿಯೇ.

ಮೊದಲು ಸಂಗ್ರಾಹಕನ ‘ಮೂಲ’ವನ್ನು ನೋಡೋಣ. ಜಮಖಂಡಿಯ ಮಿಸ್ತ್ರಿ ಎಂಜಿನ್ ಬಿಚ್ಚಿದಾಗ ನಾನು ಪಕ್ಕದಲ್ಲಿದ್ದೆ. ಒಳಗೆಲ್ಲ ಕೆರೆಯ ತಳದ ವಾಸನೆ. ಬೇರಿಂಗುಗಳು ತುಕ್ಕಿನ ಉಂಡೆಗಳಾಗಿದ್ದವು. ಆತ ಸಿಲಿಂಡರನ್ನು ಒರೆಸಿ, ಅಳತೆಗೋಲು ಇಳಿಸಿ, “ಮಾಸ್ತರ, ಇದು ನಾಕೂ ಬೋರು ಮುಗಿಸೇತ್ರಿ” ಎಂದ. ಆ ಮಾತಿನ ಅರ್ಥವನ್ನು ತಿಳಿಯದವರಿಗಾಗಿ ಹೇಳುತ್ತೇನೆ. ಈ ಎಂಜಿನ್ನಿನ ಸಿಲಿಂಡರು ಕಾರಖಾನೆಯಿಂದ ಬರುವಾಗ ಐವತ್ತು ಮಿಲಿಮೀಟರ್ ಅಗಲ. ಪಿಸ್ಟನ್ನು ಏರಿಳಿಯುವ ದೂರವೂ ಐವತ್ತೇ. ಗುಣಿಸಿ ನೋಡಿದರೆ ತೊಂಬತ್ತೆಂಟು ಘನ ಸೆಂಟಿಮೀಟರ್ ಬರುತ್ತದೆ. ಸವೆದ ಗೋಡೆಯನ್ನು ಲೇತಿನವನು ಪ್ರತಿಸಲವೂ ಕಾಲು ಮಿಲಿಮೀಟರಿನಷ್ಟು ಕೊರೆದು ದೊಡ್ಡ ಪಿಸ್ಟನ್ ಹಾಕುತ್ತಾನೆ. ನಾಲ್ಕು ಸಲ ಕೊರೆದರೆ ಐವತ್ತೊಂದು ಮಿಲಿಮೀಟರು. ಆಗ ಎಂಜಿನ್ ನೂರಾ ಎರಡು ಘನ ಸೆಂಟಿಮೀಟರಿನದಾಯಿತು. ಎಂದರೆ ಯಾವ ನೂರರ ಮಿತಿಯೊಳಗೆ ಈ ಗಾಡಿ ದೇಶಕ್ಕೆ ಬಂದಿತೋ ಆ ಮಿತಿಯನ್ನು ಅಣ್ಣನ ಗಾಡಿ ಬರಿಯ ದುರಸ್ತಿಯಿಂದಲೇ, ಯಾರಿಗೂ ತಿಳಿಯದಂತೆ ದಾಟಿತ್ತು! ಇನ್ನು ಕೊರೆಯಲು ಗೋಡೆ ಉಳಿದಿರಲಿಲ್ಲ. ಮಿಸ್ತ್ರಿ ಹೊಸ ಲೋಹದ ಸ್ಲೀವನ್ನು ಒಳಗೆ ಕೂರಿಸಿ ಮತ್ತೆ ಐವತ್ತಕ್ಕೆ ಕೊರೆಸಿದ. ಈಗ ಅಳತೆ ಮೂಲದ್ದು, ಲೋಹ ಮೂಲದ್ದಲ್ಲ. ಮೊದಲು ಲೋಹ ಮೂಲದ್ದಾಗಿತ್ತು, ಅಳತೆ ಆಗಿರಲಿಲ್ಲ. ಯಾವುದನ್ನು ನಾವು ಶುದ್ಧಪಾಠವೆನ್ನಬೇಕು? ತೇರಿನ ಸವೆದ ಗಾಲಿಯನ್ನು ಬದಲಿಸಿದರೆ ಇದು ಆ ತೇರಲ್ಲವೆಂದು ನಮ್ಮ ಊರುಗಳಲ್ಲಿ ಯಾರೂ ಹೇಳುವುದಿಲ್ಲ. ಎಳೆಯುವ ಹಗ್ಗ, ಎಳೆಯುವ ಬೀದಿ, ಎಳೆಯುವ ದಿನ ಅವೇ ಆದರೆ ತೇರು ಅದೇ.

ಆ ಎಂಜಿನ್ನಿನ ಇನ್ನೊಂದು ಸಂಗತಿ ನನ್ನನ್ನು ಬಹಳ ದಿನ ಹಿಡಿದು ನಿಲ್ಲಿಸಿತು. ಕಾರ್ಬೊರೇಟರು ಕೂಡುವ ಕಡೆ ತೆಳುವಾದ ಎಲೆಗಳಂಥ ನಾಲಿಗೆಗಳಿವೆ. ಎಂಜಿನ್ ಉಸಿರೆಳೆದಾಗ ಬಾಗಿ ದಾರಿ ಬಿಡುತ್ತವೆ, ಉಸಿರು ಬಿಟ್ಟಾಗ ಮುಚ್ಚಿಕೊಳ್ಳುತ್ತವೆ. ಮಿಸ್ತ್ರಿ ಅದಕ್ಕೆ ‘ರೀಡು’ ಎಂದ. ನಾನು ಚಕಿತನಾದೆ. ನಮ್ಮ ಭಾಗದಲ್ಲಿ ಶ್ರೀಕೃಷ್ಣ ಪಾರಿಜಾತದ ಮೇಳವಿರಲಿ, ಭಜನೆಯಿರಲಿ, ಹಾರ್ಮೋನಿಯಂ ಪೇಟಿಯಿಲ್ಲದೆ ನಡೆಯದು. ಆ ಪೇಟಿಯ ಸ್ವರವೂ ರೀಡೇ. ಇದು ಬರಿಯ ಹೆಸರಿನ ಸಾಮ್ಯವಲ್ಲ. ಈ ಗಾಡಿಗೆ ಹೆಸರು ಕೊಟ್ಟ ತೊರಾಕುಸು ಯಮಹಾ ಮೋಟಾರ್ ಸೈಕಲ್ಲನ್ನು ಮಾಡಿದವನೇ ಅಲ್ಲ. ಅವನು ಗಡಿಯಾರ, ವೈದ್ಯಕೀಯ ಉಪಕರಣಗಳನ್ನು ರಿಪೇರಿ ಮಾಡುತ್ತಿದ್ದ ಕುಶಲಿ. 1887ರಲ್ಲಿ ಹಮಾಮಾತ್ಸು ಎಂಬ ಊರಿನ ಪ್ರಾಥಮಿಕ ಶಾಲೆಯಲ್ಲಿ ಪರದೇಶದಿಂದ ತಂದ ರೀಡ್ ಆರ್ಗನ್ ಒಂದು ಕೆಟ್ಟಿತ್ತು. ಅದನ್ನು ಸರಿಪಡಿಸಲು ಅವನನ್ನು ಕರೆದರು. ಸರಿಪಡಿಸಿದ, ಒಳಗಿನ ರಚನೆಯನ್ನು ನೋಡಿಕೊಂಡ, ತಾನೇ ಒಂದನ್ನು ಮಾಡಿದ. ವಾದ್ಯಗಳ ಆ ಕಂಪನಿಯೇ ಮುಂದೆ 1955ರಲ್ಲಿ ಮೋಟಾರ್ ಸೈಕಲ್ಲಿಗೆ ಇಳಿಯಿತು. ಆರ್‌ಎಕ್ಸಿನ ಹೆಸರಿನೊಡನೆ ಇಂದಿಗೂ ಇರುವ ಲಾಂಛನ ಶ್ರುತಿ ಹಿಡಿಯುವ ಮೂರು ಕವೆಗಳದ್ದು. ಶಾಲೆಯ ಮಾಸ್ತರನಾದ ನನಗೆ ಇದರಿಂದ ಆದ ಸಂತೋಷ ಸಣ್ಣದಲ್ಲ.

ಇನ್ನೂ ಒಂದು ಮಾತು. 1955ರ ಆ ಮೊದಲ ಯಮಹಾ ಗಾಡಿ ಜರ್ಮನಿಯ ಡಿಕೆಡಬ್ಲ್ಯು ಕಂಪನಿಯ ನೂರಿಪ್ಪತ್ತೈದು ಸಿಸಿ ಗಾಡಿಯನ್ನು ಮುಂದಿಟ್ಟುಕೊಂಡು ಮಾಡಿದುದು. ಯುದ್ಧದ ನಂತರ ಇಂಗ್ಲಂಡು, ಅಮೇರಿಕ, ರಷ್ಯಾಗಳೂ ಅದೇ ಗಾಡಿಯನ್ನು ನಕಲು ಮಾಡಿದ್ದವು. ಹೀಗಿರುವಾಗ ‘ಅಪ್ಪಟ ಜಪಾನಿ’ ಎಂದು ತಿರುಪು ತಿರುಪಿಗೂ ಪ್ರಮಾಣಪತ್ರ ಕೇಳುವವರನ್ನು ಕಂಡರೆ ನನಗೆ ವಿನೋದವೆನಿಸುತ್ತದೆ. ಹಾಗೆಂದು ಸಂಗ್ರಾಹಕನ ಮಾತೆಲ್ಲ ಹುರುಳಿಲ್ಲದ್ದೆನ್ನಲಾರೆ. ಪೇಟೆಯಲ್ಲಿ ಆರ್‌ಎಕ್ಸ್ ಹೆಸರಿನಲ್ಲಿ ಮಾರುವ ಪಿಸ್ಟನ್ನುಗಳಲ್ಲಿ ಖೊಟ್ಟಿಯವು ಬಹಳ. ನಾವು ಮೊದಲು ತಂದದ್ದು ಅಂಥದೇ. ಬಿಸಿಯಾಗಿ ಹಿಗ್ಗಿ, ಐದನೆಯ ಮೈಲಿಗೇ ಸಿಲಿಂಡರಿನಲ್ಲಿ ಕಚ್ಚಿಕೊಂಡಿತು. ಸ್ಲೀವನ್ನು ಮತ್ತೆ ಹಾಕಿಸಬೇಕಾಯಿತು. ಮೂಲವೆಂಬುದಕ್ಕೆ ಲೋಹದ ಗುಣವೆಂಬ ಅರ್ಥವಿದ್ದರೆ ನಾನು ಕೈಮುಗಿಯುತ್ತೇನೆ.

ಇನ್ನು ಅಣ್ಣನ ಮಗನ ‘ಖದರಿ’ನ ಮಾತು. ಸೈಲೆನ್ಸರ್ ಬಿಚ್ಚಿ ಸದ್ದು ಹೆಚ್ಚಿಸಿದರೆ ಶಕ್ತಿಯೂ ಹೆಚ್ಚುತ್ತದೆಂದು ನಮ್ಮ ಹುಡುಗರಲ್ಲಿ ಬೇರೂರಿದ ನಂಬಿಕೆ. ಇದು ತಪ್ಪು, ಟೂ-ಸ್ಟ್ರೋಕ್ ಎಂಜಿನ್ನಿನ ಮಟ್ಟಿಗಂತೂ ಪೂರ್ತಿ ತಪ್ಪು. ಈ ಎಂಜಿನ್ನಿನ ಸಿಲಿಂಡರಿಗೆ ಬೇರೆ ಬಾಗಿಲುಗಳಿಲ್ಲ. ಪಿಸ್ಟನ್ನೇ ಏರಿಳಿಯುತ್ತ ಗೋಡೆಯ ಕಂಡಿಗಳನ್ನು ತೆರೆದು ಮುಚ್ಚುತ್ತದೆ. ಸುಟ್ಟ ಹೊಗೆ ಹೊರಗೆ ಹೋಗುವ ಗಳಿಗೆಯಲ್ಲಿಯೇ ಹೊಸ ಪೆಟ್ರೋಲಿನ ಗಾಳಿ ಒಳಗೆ ಬರುತ್ತದೆ. ಬಂದದ್ದರಲ್ಲಿ ಒಂದಿಷ್ಟು ಹೊಗೆಯ ಬೆನ್ನುಹತ್ತಿ ಸುಡದೆಯೇ ಓಡಿಹೋಗುತ್ತದೆ. ಈ ಗಾಡಿ ಹೊಗೆಯುಗುಳುವುದಕ್ಕೂ ಪೆಟ್ರೋಲ್ ಕುಡಿಯುವುದಕ್ಕೂ ಕಾರಣ ಇದೇ. ಓಡಿಹೋದುದನ್ನು ಮರಳಿ ತರುವ ಕೆಲಸ ಸೈಲೆನ್ಸರಿನದು. ಅದರ ಒಳಹೊಟ್ಟೆ ಮೊದಲು ಅಗಲವಾಗಿ ಆಮೇಲೆ ಕಿರಿದಾಗುತ್ತದೆ. ಕಿರಿದಾದಲ್ಲಿ ಬಡಿದ ಒತ್ತಡದ ಅಲೆ ಹಿಂದಿರುಗಿ, ಕಂಡಿಯ ಬಾಯಿಗೆ ಬಂದ ಹೊಸ ಗಾಳಿಯನ್ನು ಒಳಕ್ಕೆ ನೂಕುತ್ತದೆ. ಉದ್ದ ಅಗಲಗಳ ಲೆಕ್ಕ ಕೂದಲೆಳೆಯಷ್ಟು ತಪ್ಪಿದರೂ ಅಲೆ ಹೊತ್ತು ತಪ್ಪಿ ಬರುತ್ತದೆ.

ಈ ಗುಟ್ಟಿಗಾಗಿ ನಡೆದ ಕಥೆಯೊಂದು ಪತ್ತೇದಾರಿ ಕಾದಂಬರಿಗಳನ್ನು ನಾಚಿಸುವಂಥದು. ಐವತ್ತರ ದಶಕದಲ್ಲಿ ಪೂರ್ವ ಜರ್ಮನಿಯ ಎಮ್‌ಜೆಡ್ ಕಾರಖಾನೆಯಲ್ಲಿ ವಾಲ್ಟರ್ ಕಾಡೆನ್ ಎಂಬ ಎಂಜಿನಿಯರನು ಈ ಅಲೆಗಳ ಲೆಕ್ಕವನ್ನು ಬಿಡಿಸಿದ. ಅಲ್ಲಿ ದುಡ್ಡಿರಲಿಲ್ಲ, ಸಾಮಾನಿರಲಿಲ್ಲ, ಬುದ್ಧಿಯೊಂದೇ ಬಂಡವಾಳ. 1961ರ ಸೆಪ್ಟೆಂಬರಿನಲ್ಲಿ ಅವನ ಸವಾರ ಅರ್ನ್ಸ್ಟ್ ಡೆಗ್ನರ್ ಸ್ವೀಡನ್ನಿನ ಪಂದ್ಯದಿಂದಲೇ ಪಶ್ಚಿಮಕ್ಕೆ ತಪ್ಪಿಸಿಕೊಂಡು ಹೋಗಿ, ಆ ವಿದ್ಯೆಯನ್ನು ಜಪಾನಿನ ಸುಜುಕಿಗೆ ಒಪ್ಪಿಸಿದ. ಮರುವರ್ಷವೇ ಸುಜುಕಿ ಐವತ್ತು ಸಿಸಿಯ ಜಗತ್ತಿನ ಬಿರುದನ್ನು ಗೆದ್ದಿತು. ಒಬ್ಬ ಮನುಷ್ಯ ತನ್ನ ದೇಶವನ್ನೇ ಬಿಟ್ಟು ಹೊತ್ತೊಯ್ದ ವಿದ್ಯೆಯ ಫಲವಾದ ನಳಿಗೆಯನ್ನು ನಮ್ಮ ಹುಡುಗರು ಸಂತೆಯಲ್ಲಿ ಕೊಯ್ಯಿಸಿ, ಸದ್ದು ಬಂದಿತೆಂದು ಹಿಗ್ಗುತ್ತಾರೆ! ಪೊಲೀಸರು ಅಂಥ ಸೈಲೆನ್ಸರುಗಳನ್ನು ವಶಪಡಿಸಿಕೊಂಡು ರೋಡ್‌ರೋಲರಿನಡಿ ನುರಿಸುವುದನ್ನು ಪತ್ರಿಕೆಗಳಲ್ಲಿ ನೋಡುತ್ತೇವೆ. ನಾನು ಅಣ್ಣನ ಮಗನನ್ನು ಕೂರಿಸಿಕೊಂಡು ಕಾಗದದ ಮೇಲೆ ಅಲೆಯ ಚಿತ್ರ ಬರೆದೆ. ಎಂಜಿನಿಯರಾದ ಹುಡುಗ, ಬೇಗ ಒಪ್ಪಿದ. ಹಿಂದಿನ ಮಿಸ್ತ್ರಿಯೊಬ್ಬ ಮುಚ್ಚಿಬಿಟ್ಟಿದ್ದ ಆಯಿಲ್ ಪಂಪನ್ನೂ ತಾನೇ ಮತ್ತೆ ಜೋಡಿಸಿದ. ಪೆಟ್ರೋಲಿಗೆ ಎಣ್ಣೆಯನ್ನು ಕೈಯಳತೆಯಲ್ಲಿ ಸುರಿಯುವ ರೂಢಿ ತಪ್ಪಿ, ಹೊಗೆ ಕಣ್ಣಿಗೆ ಕಾಣುವಷ್ಟು ಕಡಿಮೆಯಾಯಿತು. ಆ ಮಟ್ಟಿಗೆ ಅವನು ನನಗಿಂತ ಜಾಣ.

ಕಾಯಿದೆಯ ವಿಷಯವನ್ನೂ ಎರಡು ಮಾತಿನಲ್ಲಿ ಹೇಳಬೇಕು. ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ, ತಯಾರಕರು ಗೊತ್ತುಪಡಿಸಿದ ವಿವರಕ್ಕೆ ವ್ಯತ್ಯಾಸವಾಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2021ರ ಜುಲೈಯಲ್ಲಿ ಬಂದ ನಿಯಮದಂತೆ, ಮೊದಲ ನೋಂದಣಿಯಾಗಿ ಐವತ್ತು ವರ್ಷ ಕಳೆದ, ಮೂಲರೂಪದಲ್ಲಿಯೇ ಉಳಿದ ಗಾಡಿಗೆ ಮಾತ್ರ ‘ವಿಂಟೇಜ್’ ಎಂಬ ಮನ್ನಣೆ. ಆ ಲೆಕ್ಕದಲ್ಲಿ ಅತ್ಯಂತ ಹಳೆಯ ಆರ್‌ಎಕ್ಸಿಗೂ 2035ರವರೆಗೆ ಆ ಪದವಿಯಿಲ್ಲ. ನಮ್ಮದಕ್ಕೆ 2038, ಅಷ್ಟರಲ್ಲಿ ನಾನಿರುತ್ತೇನೋ ಇಲ್ಲವೋ. ಚೌಕಟ್ಟನ್ನು ಕೊಯ್ಯುವವನಿಗೆ ಅಂಕೆ ಬೇಕು, ನಿಜ. ಒಬ್ಬರ ಖದರು ಇನ್ನೊಬ್ಬರ ಕೈಕಾಲು ಮುರಿಯಬಾರದು. ಆದರೆ ಈ ಗಾಡಿಯ ಓಟಕ್ಕೆ ಅದರ ಡ್ರಮ್ ಬ್ರೇಕು ಸಾಲದೆಂಬುದನ್ನು ಅದನ್ನು ಓಡಿಸಿದ ಯಾರೂ ಒಪ್ಪುವರು. ಒಳ್ಳೆಯ ಬ್ರೇಕು ಹಾಕಿಕೊಳ್ಳುವವನನ್ನೂ ಸದ್ದಿಗಾಗಿ ನಳಿಗೆ ಕೊಯ್ಯುವವನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವೆಂದು ನನಗೆ ತೋರುವುದಿಲ್ಲ. ಹಳೆಯ ಗಾಡಿಗಳ ಸುರಕ್ಷತೆಗಾಗಿ ಮಾಡುವ ಬದಲಾವಣೆಯನ್ನು ಪರೀಕ್ಷಿಸಿ ಒಪ್ಪಿಗೆ ಕೊಡುವ ಸುಲಭವಾದ ದಾರಿಯೊಂದು ಇರಬೇಕಾದುದು ಅವಶ್ಯ. ಸದ್ಯಕ್ಕೆ ನಾವು ಡ್ರಮ್ಮನ್ನೇ ಉಳಿಸಿಕೊಂಡು ಹೊಸ ಬ್ರೇಕ್ ಶೂ ಹಾಕಿಸಿದ್ದೇವೆ. ಬಣ್ಣದವನಿಗೂ, ಚೌಕಟ್ಟಿನ ಕೊರಳಿನ ಮೇಲೆ ಕೊರೆದ ಚಾಸಿ ನಂಬರನ್ನು ಉಜ್ಜಿ ಅಳಿಸಬೇಡವೆಂದು ಮೂರು ಸಲ ಹೇಳಿದ್ದಾಗಿದೆ.

ಇಷ್ಟರವರೆಗೆ ನನ್ನ ವಾದ ಗೆಲ್ಲುತ್ತಲೇ ಬಂದಿತ್ತು. ಓಟ ಮೂಲದ್ದಿರಲಿ, ಗುರುತುಗಳು ಬಾಳಿದವನವಿರಲಿ ಎಂಬುದು ನನ್ನ ಸಿದ್ಧಾಂತ. ಅದರ ಪ್ರಕಾರ ಟಾಕಿಗೆ ಬಣ್ಣ ಬರಬೇಕು, ತಗ್ಗು ಉಳಿಯಬೇಕು. ಅಣ್ಣನ ಮಗನೂ ಹೂಂ ಅಂದಿದ್ದ. ಟಾಕಿಯನ್ನು ಕಟ್ಟೆಯ ಮೇಲಿಟ್ಟು ನಾವು ಮಾತಾಡುತ್ತಿದ್ದಾಗ ವೈನಿ ಚಹಾ ತಂದಿಟ್ಟರು. ಮಗನತ್ತ ನೋಡಿ ಅಂದರು:

“ಬಣ್ಣಾ ಹಚ್ಚಸೂ ಮುಂದ ಆ ತಗ್ಗ ಒಂದ ಎಬ್ಬಿಸಿಬಿಡಪಾ. ನೋಡಿ ನೋಡಿ ಸಾಕಾಗೈತಿ.”

“ಅದು ಅಣ್ಣನ ಗುರುತಲ್ಲೇನ್ರಿ ವೈನಿ?” ಎಂದೆ ನಾನು.

“ಅವರ ಗುರುತಿಗೆ ಆ ತಗ್ಗ ಯಾಕ ಬೇಕ್ರಿ? ಆವತ್ತ ರಾತ್ರಿ ಮೋಟಾರ ಎದಿ ಮ್ಯಾಲ ಹಾಕ್ಕೊಂಡು ರಾಡಿಯೊಳಗ ಬಿದ್ದು ಮೊಳಕಾಲ ಒಡಕೊಂಡು ಬಂದಿದ್ರು. ಎರಡ ತಿಂಗಳ ಎದ್ದು ನಿಂದರಲಿಲ್ಲ. ನೀವು ಆಗ ಧಾರವಾಡದಾಗ ಇದ್ರಿ.”

ಅಣ್ಣ ಬಿದ್ದ ಸಂಗತಿ ನನಗೆ ತಿಳಿದೇ ಇರಲಿಲ್ಲ. ನಗುನಗುತ್ತ ಹೇಳಿದ ಕಥೆಯಲ್ಲಿ ಅವನು ಅದನ್ನು ಬಿಟ್ಟಿದ್ದ. ಇಲ್ಲವೆ, ಕೇಳುವಷ್ಟು ಹೊತ್ತು ನಾನು ಊರಲ್ಲಿರಲಿಲ್ಲ. ಮೂವತ್ತು ವರ್ಷ ಪಾಠಾಂತರಗಳನ್ನು ಹೇಳಿಕೊಟ್ಟವನು, ಒಂದೇ ಪ್ರತಿಯನ್ನು ನಂಬಿ ಟೀಕೆ ಬರೆಯಬಾರದೆಂಬ ಮೊದಲ ಪಾಠವನ್ನು ಮರೆತಿದ್ದೆ. ತಗ್ಗನ್ನು ಉಳಿಸಬೇಕೆಂಬ ನನ್ನ ಹಟದಲ್ಲಿ ಅಣ್ಣನ ನೆನಪೆಷ್ಟು, ಊರು ಬಿಟ್ಟು ದೂರವಿದ್ದವನ ಕಲ್ಪನೆಯೆಷ್ಟು ಎಂಬುದನ್ನು ಆ ಕಟ್ಟೆಯ ಮೇಲೆ ಕುಳಿತು ಲೆಕ್ಕ ಹಾಕಲು ನನಗೆ ಧೈರ್ಯವಾಗಲಿಲ್ಲ. ಚಹಾ ಆರಿತು.

ಮರುದಿನ ಟಾಕಿಯನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ನಾನೇ ಬಸ್ಸಿನಲ್ಲಿ ಜಮಖಂಡಿಗೆ ಒಯ್ದುಕೊಟ್ಟೆ. ತಗ್ಗನ್ನು ಎಬ್ಬಿಸಲು ಹೇಳಿ ಬಂದೆ. ಕ್ಯಾರಿಯರಿನ ವಿಷಯದಲ್ಲಿ ಮಾತ್ರ ಸೋಲೊಪ್ಪಿಲ್ಲ. ಅದು ಸದ್ಯಕ್ಕೆ ಕೊಟ್ಟಿಗೆಯ ಗೋಡೆಯ ಗೂಟಕ್ಕೆ ತೂಗುತ್ತಿದೆ. ಅಣ್ಣನ ಮಗ ಬೆಂಗಳೂರಿನಿಂದ ಗಿಡ್ಡ ಹ್ಯಾಂಡಲೊಂದನ್ನು ತಂದು ಅದರ ಪಕ್ಕದ ಗೂಟಕ್ಕೇ ತೂಗುಹಾಕಿದ್ದಾನೆ. ನೋಂದಣಿಯ ತಪಾಸಣೆಗೆ ಗಾಡಿಯನ್ನು ಒಯ್ಯುವಷ್ಟರಲ್ಲಿ ಎರಡರಲ್ಲಿ ಯಾವುದು ಕೆಳಗಿಳಿಯುವುದೋ, ವೈನಿಯವರನ್ನು ಕೇಳಬೇಕು.